ಅವರೆಯ ಸೊಗಡು

ಸರ್ಜಾಪುರದ ಸೀಮೆಯಲ್ಲಿ ಮಾಗಿಯ ಚಳಿ ಬಿದ್ದ ಮೇಲೆ ಅವರೆಕಾಯಿಯ ಕಾಲ ಬಂದಿತೆಂದು ಯಾರೂ ಪಂಚಾಂಗ ನೋಡಿ ತಿಳಿಯಬೇಕಾಗಿಲ್ಲ, ಮೂಗೇ ಹೇಳುವುದು. ಇಬ್ಬನಿ ಆರುವ ಮುನ್ನ ಕಿತ್ತು ತಂದ ಕಾಯಿಗಳನ್ನು ಜಗುಲಿಯ ಮೇಲೆ ಸುರಿದಾಗ ಏಳುವ ಆ ಜಿಡ್ಡಾದ ಗಾಢ ಕಂಪಿಗೆ ನಮ್ಮ ಜನರು 'ಸೊಗಡು' ಎನ್ನುವರು. ಸುಲಿದವರ ಬೆರಳಿಗೆ ಅದು ಅಂಟಿತೆಂದರೆ ಸಾಬೂನಿನಿಂದ ಎರಡಾವರ್ತಿ ತೊಳೆದರೂ ಬಿಡದು. ವಿಮರ್ಶಕರು ಆಗಾಗ 'ಮಣ್ಣಿನ ಸೊಗಡು' ಎಂದು ಬರೆಯುವುದನ್ನು ಓದಿರುವೆವು. ಅವರಲ್ಲಿ ಎಷ್ಟು ಮಂದಿ ಅವರೆಕಾಯಿ ಸುಲಿದಿರುವರೋ ನಾವರಿಯೆವು.

ಮನೆಯ ವಾಸನೆಗಳು ಮನಸ್ಸಿನ ಮೇಲೆ ನಡೆಸುವ ಕಾರ್ಯವನ್ನು ಕುರಿತು ಈ ಸಂಚಿಕೆಗೆ ನಾಲ್ಕು ಮಾತು ಬರೆಯಲು ಈ ಸೊಗಡೇ ಕಾರಣ. ನಮ್ಮ ಬೋರ್ಡಿಂಗಿನ ಬಾಲಿಕೆಯೊಬ್ಬಳು 2021ನೆಯ ಇಸವಿಯ ಸಾಂಕ್ರಾಮಿಕದಲ್ಲಿ ತನ್ನನ್ನು ಸಾಕಿದ ಅಜ್ಜಿಯನ್ನು ಕಳೆದುಕೊಂಡಳು. ಆಗ ಅವಳು ಅಳಲಿಲ್ಲ; ಅಜ್ಜಿಯ ಭಾವಚಿತ್ರವನ್ನು ನೋಡಿದಾಗಲೂ ಅಳಲಿಲ್ಲ. ಮರುವರ್ಷದ ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ಹಿತಕಿದ ಬೇಳೆಯ ಸಾರನ್ನು ಬಡಿಸಿದೊಡನೆ ತಟ್ಟೆಯನ್ನು ಬಿಟ್ಟೆದ್ದು ಹೋಗಿ ಬಾವಿಕಟ್ಟೆಯ ಮೇಲೆ ಕುಳಿತು ಬಿಕ್ಕಿಬಿಕ್ಕಿ ಅತ್ತಳು. ಊಟದಲ್ಲಿ ಚೇಷ್ಟೆಯೆಂದು ಮೇಟ್ರನ್ನಮ್ಮನವರು ಬೇಸರಪಟ್ಟರು. ನಾವು ಹೋಗಿ ಬಳಿಯಲ್ಲಿ ಕುಳಿತಾಗ ಹುಡುಗಿ ಹೇಳಿದ್ದು ಇಷ್ಟೇ: "ಅಜ್ಜಿ ಪಕ್ಕದಲ್ಲಿ ಬಂದು ಕೂತಂಗಾಯ್ತು, ಮಿಸ್."

ಚಿತ್ರವು ಮಾಡಲಾರದ್ದನ್ನು ಸಾರು ಮಾಡಿತಲ್ಲಾ, ಅದು ಹೇಗೆ? ಕಣ್ಣು ಕಿವಿಗಳು ತಂದ ವರ್ತಮಾನವು ಮಿದುಳಿನಲ್ಲಿ ಮೊದಲು ಥಲಮಸ್ ಎಂಬ ಚಾವಡಿಯನ್ನು ಹಾದು ಅನಂತರ ಮುಂದಕ್ಕೆ ಸಾಗುವುದು. ವಾಸನೆಯಾದರೋ ಆ ಚಾವಡಿಯಲ್ಲಿ ಕಾಯದೆ, ಭಾವನೆಗಳೂ ನೆನಪುಗಳೂ ನೆಲೆಸಿರುವ ಕೋಣೆಗಳಿಗೆ ನೆಟ್ಟಗೆ ನುಗ್ಗುವುದು. ಮೂಗಿನೊಳಗೆ ವಾಸನೆಯನ್ನು ಹಿಡಿಯುವ ಗ್ರಾಹಕಗಳ ದೊಡ್ಡ ಕುಟುಂಬವನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಎಂಬವರು 1991ರಲ್ಲಿ ಪ್ರಕಟಪಡಿಸಿ, 2004ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಮನುಷ್ಯರಲ್ಲಿ ಅಂಥವು ಸುಮಾರು 400 ಬಗೆ ಉಂಟು. ವಾಸನೆಯಿಂದ ಏಳುವ ನೆನಪುಗಳು ಹೆಚ್ಚಾಗಿ ಹತ್ತು ವರುಷ ತುಂಬುವುದಕ್ಕೆ ಮುಂಚಿನವೆಂದೂ ಪಂಡಿತರು ಕಂಡುಕೊಂಡಿರುವರು. ನಮ್ಮ ಹಿರಿಯರು ಮೂಗಿಗೆ ಬರುವುದನ್ನೂ ಮನಸ್ಸಿನಲ್ಲಿ ಉಳಿದ ಹಳೆಯ ಸಂಸ್ಕಾರವನ್ನೂ 'ವಾಸನೆ' ಎಂಬ ಒಂದೇ ಮಾತಿನಿಂದ ಕರೆದದ್ದು ಇದನ್ನೆಲ್ಲ ಬಲ್ಲವರಂತೆಯೇ ಇದೆ.

ಆದರೆ ಇಂಥ ವಾಸನೆ ಸಂತೋಷದ್ದು, ಇಂಥದು ದುಃಖದ್ದು ಎಂದು ಪಟ್ಟಿ ಬರೆಯುವವರನ್ನು ನಾವು ನಂಬೆವು. ಸಾಂಬ್ರಾಣಿಯ ಹೊಗೆ ಒಬ್ಬಳಿಗೆ ತಲೆಸ್ನಾನದ ಶುಕ್ರವಾರ. ಇನ್ನೊಬ್ಬಳಿಗೆ ಮನೆಯೊಳಗೆ ಶವವಿದ್ದ ರಾತ್ರಿ. ಒಗ್ಗರಣೆಯಲ್ಲಿ ಸಾಸಿವೆ ಸಿಡಿಯುವಾಗ ಮನೆಯಲ್ಲಿ ನಗುವಿತ್ತೋ ಜಗಳವಿತ್ತೋ, ಅದೇ ಆ ಕಂಪಿನೊಳಗೆ ಕುಳಿತುಕೊಳ್ಳುವುದು. ತಂದೆಯು ಹೊಸ್ತಿಲು ದಾಟುವ ಮುನ್ನವೇ ಅವನ ಉಸಿರಿನ ವಾಸನೆಯಿಂದ ಆ ರಾತ್ರಿ ಹೇಗೆ ಕಳೆಯುವುದೆಂದು ತಿಳಿದುಕೊಳ್ಳುವ ಮಕ್ಕಳೂ ನಮ್ಮಲ್ಲಿರುವರು. ಅಂಥವಳೊಬ್ಬಳು ಸೂಜಿಮದ್ದಿಗೆ ಮುಂಚೆ ತೋಳಿಗೆ ಒರೆಸುವ ಸ್ಪಿರಿಟ್ಟಿನ ಘಾಟಿಗೇ ನಡುಗುವಳು. ಸೂಜಿಗೆ ಅವಳು ಹೆದರುವವಳಲ್ಲ.

ವಾಸನೆಯೇ ಇಲ್ಲದ ಮನೆ ಹೇಗಿರುವುದೆಂಬುದನ್ನು ನಮ್ಮ ಉಪಾಧ್ಯಾಯಿನಿಯೊಬ್ಬರು ಅದೇ 2021ರಲ್ಲಿ ಅನುಭವಿಸಿದರು. ಜ್ವರ ಬಿಟ್ಟರೂ ಮೂಗು ತಿಳಿಯಲಿಲ್ಲ. ಹಾಲು ಸೀದುಹೋದುದು ಹೊಗೆ ಕಂಡ ಮೇಲೆಯೇ ಗೊತ್ತಾಗುತ್ತಿತ್ತು. ಊಟವು ಕಾಗದ ಅಗಿದಂತಿತ್ತು. ಅವರಿಗೆ ಎಲ್ಲಕ್ಕಿಂತಲೂ ಸಹಿಸಲಾಗದಿದ್ದುದು, ಎಂಟು ತಿಂಗಳ ಕೂಸಿನ ನೆತ್ತಿಯನ್ನು ಮೂಸಿದರೆ ಏನೂ ಬಾರದಿದ್ದುದು. "ಬೇರೆಯವರ ಮಗುವನ್ನು ಎತ್ತಿಕೊಂಡ ಹಾಗಿದೆ" ಎಂದು ಅವರು ಅಂದಾಗ ನಮಗೆ ಉತ್ತರ ತೋಚಲಿಲ್ಲ. ವೈದ್ಯರು ಗುಲಾಬಿ, ಲವಂಗ, ನಿಂಬೆ, ನೀಲಗಿರಿ ಈ ನಾಲ್ಕನ್ನೂ ದಿನಕ್ಕೆರಡು ಸಲ ಮೂಸಿ ನೋಡಲು ಹೇಳಿದರು. ಐದಾರು ತಿಂಗಳ ಮೇಲೆ ಮೊದಲು ಬಂದದ್ದು ಲವಂಗ. ಕೂಸಿನ ನೆತ್ತಿ ಬರಲು ಇನ್ನೂ ತಡವಾಯಿತು.

ಸರ್ಜಾಪುರದ ಮನೆಗಳ ವಾಸನೆಯೂ ಬದಲಾಗುತ್ತಿದೆ. ರಾಗಿಯ, ಅವರೆಯ ಹೊಲಗಳೆಷ್ಟೋ ಬಡಾವಣೆಗಳಾಗಿವೆ. ಹಗಲು ಕಿರಿದಾದಾಗ ಮಾತ್ರ ಹೂ ಬಿಡುತ್ತಿದ್ದ ನಾಡ ಅವರೆಯ ಜೊತೆಗೆ ವರುಷವೆಲ್ಲಾ ಕಾಯಿ ಬಿಡುವ ಹೆಬ್ಬಾಳ ಅವರೆಯ ತಳಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಹೊರತಂದಿರುವರು. ರೈತರಿಗೆ ಅದರಿಂದ ಅನುಕೂಲವೇ ಆಗಿದೆ, ಆದರೆ ಸೊಗಡು ಮಾತ್ರ ನಾಡ ಅವರೆಯಷ್ಟಿಲ್ಲವೆಂದು ಹಳಬರು ಗೊಣಗುವರು. ಎತ್ತರದ ಮನೆಗಳಲ್ಲಿ ಡಬ್ಬಿಯಿಂದ ಲ್ಯಾವೆಂಡರಿನ ಪರಿಮಳವನ್ನು ಚಿಮುಕಿಸುವರು. ನಮ್ಮ ಸೀಮೆಯಲ್ಲಿ ಬೆಳೆಯದ ಹೂವಿನ ಕಂಪು ಯಾರ ನೆನಪನ್ನು ಎಬ್ಬಿಸೀತು ಎಂದು ನಾವು ಕೇಳುವುದುಂಟು.

ಇದಕ್ಕೂ ಉತ್ತರ ದೊರೆಯಿತು. ಈ ವರ್ಷ ಆರನೆಯ ತರಗತಿಗೆ ಸೇರಿದ ಚಿಕ್ಕವಳೊಬ್ಬಳ ತಾಯಿ ಸರ್ಜಾಪುರ ರಸ್ತೆಯ ಅಂಥ ಮನೆಗಳಲ್ಲಿ ಕಸ ಗುಡಿಸಿ ನೆಲ ಒರೆಸುವಾಕೆ. ಆಕೆಯ ಹಳೆಯ ಸೀರೆಯ ತುಂಡೊಂದು ಮಗುವಿನ ದಿಂಬಿನ ಕೆಳಗೆ ಇರುವುದು. ಅದರಲ್ಲಿ ಬರುವುದು ಡಬ್ಬಿಯ ಆ ಲ್ಯಾವೆಂಡರೇ. ಅದಿಲ್ಲದೆ ಮಗುವಿಗೆ ನಿದ್ದೆ ಬಾರದು. ಬಟ್ಟೆ ಒಗೆಸುವ ಶನಿವಾರ ಅದನ್ನು ಮಾತ್ರ ಮುಟ್ಟಕೂಡದೆಂದು ಮೇಟ್ರನ್ನಮ್ಮನವರಿಗೆ ಹೇಳಿರುವೆವು.