ಕೊರಳಿಗೆ ಚೀಟಿ ಕಟ್ಟಿದ ಮಕ್ಕಳು

ಇಂಗ್ಲೆಂಡಿನ ಪೂರ್ವದ ನಾರ್ಫೋಕ್ ಸೀಮೆಯಲ್ಲಿ ಸ್ವಾಫಮ್ ಎಂಬ ಸಣ್ಣ ಪೇಟೆಯಿದೆ. ಅಲ್ಲಿಯವರು ಒಬ್ಬ ಹೊರೆ ವ್ಯಾಪಾರಿಯ ಕಥೆ ಹೇಳುತ್ತಾರೆ. ಲಂಡನ್ ಸೇತುವೆಯ ಮೇಲೆ ಹೋಗಿ ನಿಂತರೆ ಒಳ್ಳೆಯ ಸುದ್ದಿ ಸಿಗುತ್ತದೆಂದು ಅವನಿಗೆ ಕನಸು ಬಿತ್ತಂತೆ. ನಡೆದೇ ಹೋದ. ಅಲ್ಲಿ ಸಿಕ್ಕವನೊಬ್ಬ ನಕ್ಕು, ಸ್ವಾಫಮ್‌ನ ಯಾವನೋ ವ್ಯಾಪಾರಿಯ ಹಿತ್ತಲಲ್ಲಿ, ಮರದ ಬುಡದಲ್ಲಿ ನಿಧಿಯಿದೆಯೆಂದು ತನಗೂ ಕನಸು ಬಿದ್ದಿದೆ, ಅದಕ್ಕೆಂದು ತಾನು ಹೊರಟೆನೇ ಎಂದು ಕೇಳಿದ. ವ್ಯಾಪಾರಿ ತುಟಿಪಿಟಕ್ಕೆನ್ನದೆ ಊರಿಗೆ ಬಂದು ಹಿತ್ತಲು ಅಗೆದ. ಸಿಕ್ಕ ಹೊನ್ನಿನಲ್ಲಿ ಇಗರ್ಜಿಗೂ ಕೊಟ್ಟ. ಅವನದೂ ಅವನ ನಾಯಿಯದೂ ಕೆತ್ತನೆ ಇಂದಿಗೂ ಆ ಇಗರ್ಜಿಯಲ್ಲಿದೆ.

ಅಲ್ಲಿ ಶನಿವಾರ ಸಂತೆ. ಸಂತೆ ಬಯಲಿನಲ್ಲಿ 1783ರಲ್ಲಿ ಕಟ್ಟಿದ ದುಂಡು ಕಂಬಗಳ ಮಂಟಪ, ನೆತ್ತಿಯ ಮೇಲೆ ಧಾನ್ಯದೇವತೆ ಸಿರಿಸ್. ಹೆಸರು ಬಟರ್ ಕ್ರಾಸ್. ಬೆಣ್ಣೆ ಮಾರುವ ಕಟ್ಟೆಗೂ ದೇವತೆಯ ನೆರಳು ಬೇಕೆಂದುಕೊಂಡ ಊರಿನ ಮೇಲೆ ನನಗೆ ಮಮತೆ.

ವ್ಯಾಪಾರಿಯ ಕಥೆ ನನಗೆ ಹಿಡಿಸುವುದು ಅವನು ಮನೆಗೆ ಮರಳುತ್ತಾನೆ ಎಂಬುದಕ್ಕೆ. 1939ರಲ್ಲಿ, ಎರಡನೆಯ ಮಹಾಯುದ್ಧದ ಹೊಸ್ತಿಲಲ್ಲಿ, ಬಾಂಬಿನ ಭಯಕ್ಕೆ ಲಂಡನ್ನೇ ತನ್ನ ಮಕ್ಕಳನ್ನು ಇಂಥ ಊರುಗಳ ಕಡೆ ಕಳಿಸಿತು. ಯುದ್ಧ ಘೋಷಣೆಯಾದದ್ದು ಸೆಪ್ಟೆಂಬರ್ 3ರಂದು; ಮಕ್ಕಳು ಹೊರಟದ್ದು 1ರಂದೇ. ಮೂರು ದಿನಗಳಲ್ಲಿ ದೇಶದ ದೊಡ್ಡ ನಗರಗಳಿಂದ ಸುಮಾರು 15 ಲಕ್ಷ ಜನ ಹೊರಬಿದ್ದರು: ಶಾಲಾ ಮಕ್ಕಳು, ಅವರ ಮೇಷ್ಟ್ರುಗಳು, ಕೈಗೂಸಿನ ತಾಯಂದಿರು, ಬಸುರಿಯರು. ಲಂಡನ್ ಅಂಚಿನ ಡ್ಯಾಗೆನಮ್‌ನ ಮಕ್ಕಳು ಥೇಮ್ಸ್ ನದಿಯಲ್ಲಿ ಹಡಗು ಹತ್ತಿ ನಾರ್ಫೋಕ್ ಕರಾವಳಿಯ ಯಾರ್ಮತ್‌ಗೆ ಬಂದಿಳಿದರು. ಹೆಗಲಿನಲ್ಲಿ ವಿಷಾನಿಲದ ಮುಖವಾಡದ ರಟ್ಟಿನ ಡಬ್ಬಿ, ಕೊರಳಲ್ಲಿ ಹೆಸರಿನ ಚೀಟಿ. ಮಗು ಯಾವ ಊರಿಗೆ ಹೋಯಿತೆಂದು ಹೆತ್ತವರಿಗೆ ತಿಳಿಯಬೇಕಾದರೆ ಅದರ ಕೈಯಲ್ಲಿ ಕೊಟ್ಟ ಅಂಚೆ ಕಾರ್ಡು ತಿರುಗಿ ಬರಬೇಕಿತ್ತು. ಆ ಕಾರ್ಡಿಗಾಗಿ ಬಾಗಿಲಲ್ಲಿ ಕಾದ ತಾಯಂದಿರನ್ನು ನೆನೆದರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮುಂದಿನದು ಇನ್ನೂ ಕಠಿಣ. ಎಷ್ಟೋ ಊರುಗಳಲ್ಲಿ ಮಕ್ಕಳನ್ನು ಶಾಲೆಯಲ್ಲೋ ಇಗರ್ಜಿಯ ಸಭಾಂಗಣದಲ್ಲೋ ಸಾಲಾಗಿ ನಿಲ್ಲಿಸಿದರು. ಊರವರು ಬಂದು ನೋಡಿ, ತಮಗೆ ಬೇಕಾದ ಮಗುವನ್ನು ಆರಿಸಿಕೊಂಡು ಹೋದರು. ತಲೆ ಬಾಚಿದ ಚೊಕ್ಕ ಹುಡುಗಿಯರು ಮೊದಲು ಹೋದರು. ಹೊಲದ ಕೆಲಸಕ್ಕಾಗುವ ಗಟ್ಟಿ ಹುಡುಗರೂ ಹೋದರು. ಕೈ ಬಿಡದೆ ನಿಂತ ಅಣ್ಣ ತಂಗಿ, ಅಂಗಿ ಹರಿದವನು, ಅಳುತ್ತಿದ್ದವನು ಕತ್ತಲಾಗುವವರೆಗೂ ಕಾದರು. ಅವಸರವಿತ್ತು, ಹಾಸಿಗೆಗಳು ಕಡಿಮೆಯಿದ್ದವು, ಎಲ್ಲವೂ ನಿಜ. ಆದರೂ ದನದ ಸಂತೆಯ ರೀತಿಯನ್ನು ಮಕ್ಕಳಿಗೆ ತಂದದ್ದನ್ನು ನಾನು ಒಪ್ಪಲಾರೆ. ಈಗ ಹಣ್ಣು ಮುದುಕರಾಗಿರುವ ಆ ಮಕ್ಕಳಲ್ಲಿ ಎಷ್ಟೋ ಮಂದಿ ಬಾಂಬಿಗಿಂತ ಹೆಚ್ಚಾಗಿ ಆ ಸಾಲನ್ನೇ ನೆನೆಯುತ್ತಾರೆ.

ಕರೆದುಕೊಂಡು ಹೋದವರ ಪಾಡೂ ಸುಲಭದ್ದಲ್ಲ. ಸರ್ಕಾರ ಒಂದು ಮಗುವಿಗೆ ವಾರಕ್ಕೆ 10 ಶಿಲಿಂಗ್ 6 ಪೆನ್ಸ್ ಕೊಡುತ್ತಿತ್ತು. ಒಂದಕ್ಕಿಂತ ಹೆಚ್ಚಿದ್ದರೆ ತಲೆಗೆ 8 ಶಿಲಿಂಗ್ 6 ಪೆನ್ಸ್. ಅದರಲ್ಲಿ ಊಟ ಹಾಕಿ, ಹೇನು ತೆಗೆದು, ರಾತ್ರಿ ಒದ್ದೆಯಾದ ಹಾಸಿಗೆಯನ್ನು ದಿನಾ ಬೆಳಗ್ಗೆ ಒಗೆದು ಒಣಗಿಸಿ, ಗದರದೆ ತಲೆ ಸವರಿದ ಹೆಂಗಸರಿದ್ದರು. ಅವರ ಹೆಸರು ಯಾವ ಚರಿತ್ರೆಯಲ್ಲೂ ಇಲ್ಲ.

ಮನೋವೈದ್ಯರು ಎಚ್ಚರಿಸದೆ ಇರಲಿಲ್ಲ. 1939ರ ಡಿಸೆಂಬರ್‌ನಲ್ಲೇ ಜಾನ್ ಬೌಲ್ಬಿ, ವಿನಿಕಾಟ್, ಮಿಲ್ಲರ್ ಮೂವರೂ ವೈದ್ಯಕೀಯ ಪತ್ರಿಕೆಗೆ ಬರೆದು, ಎಳೆಯ ಕೂಸುಗಳನ್ನು ತಾಯಿಯಿಂದ ಅಗಲಿಸುವುದರ ಅಪಾಯವನ್ನು ಹೇಳಿದ್ದರು. ಹೀಗೆ ಊರು ಬಿಟ್ಟ ಮಕ್ಕಳಲ್ಲೊಬ್ಬರಾದ ಚಿತ್ರನಟ ಮೈಕೆಲ್ ಕೇನ್ ತಮ್ಮ ಬಾಲ್ಯವನ್ನು ಹೇಳಿಕೊಂಡಿದ್ದಾರೆ: ಮೊದಲು ಹೋದ ಮನೆಯಲ್ಲಿ ಕಪಾಟಿನಲ್ಲಿ ಕೂಡಿಹಾಕುತ್ತಿದ್ದರು, ಆಮೇಲೆ ತಾಯಿ, ತಮ್ಮನ ಜೊತೆ ನಾರ್ಫೋಕ್‌ನ ನಾರ್ತ್ ರಂಕ್ಟನ್ ಎಂಬ ಹಳ್ಳಿಯಲ್ಲಿ ಕಳೆದ ದಿನಗಳು ಸುಖದವು. ತಾಯಿ ಜೊತೆಗಿದ್ದಳು ಎಂಬುದೇ ಆ ಸುಖದ ಮೂಲವೆಂದು ನಾನು ನಂಬುತ್ತೇನೆ. ಬಾಂಬು ಬೀಳದ್ದರಿಂದ ಮೊದಲ ಚಳಿಗಾಲದಲ್ಲೇ ಎಷ್ಟೋ ತಾಯಂದಿರು ಮಕ್ಕಳನ್ನು ವಾಪಸು ಕರೆಸಿಕೊಂಡರು. 1940ರ ಸೆಪ್ಟೆಂಬರ್‌ನಲ್ಲಿ ಲಂಡನ್ ಉರಿಯತೊಡಗಿದಾಗ ಮತ್ತೆ ಕಳಿಸಬೇಕಾಯಿತು.

ಅಂದು ಐದು ವರ್ಷದವರಾಗಿದ್ದವರಿಗೆ ಈಗ ತೊಂಬತ್ತು ದಾಟಿದೆ. ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ನನ್ನದೊಂದು ಕೋರಿಕೆ: ನಿಮ್ಮ ಪಕ್ಕದ ಮನೆಯಲ್ಲಿ ಆ ವಯಸ್ಸಿನ ಅಜ್ಜ, ಅಜ್ಜಿ ಇದ್ದರೆ ಒಂದು ಸಂಜೆ ಹೋಗಿ ಕುಳಿತು, ಯುದ್ಧಕಾಲದಲ್ಲಿ ಯಾರ ಮನೆಯಲ್ಲಿದ್ದಿರಿ ಎಂದು ಕೇಳಿ. ಹೇಳಿದ್ದನ್ನು ಬರೆದಿಡಿ.