ಕುಂಚಾವರಂ: ಜೊತೆಗೆ ಬಂದವರನ್ನೂ ಕೇಳೋಣ

ಚಿಂಚೋಳಿ ದಾಟಿ ಕುಂಚಾವರಂ ಕಡೆ ಗಾಡಿ ತಿರುಗಿಸಿದರೆ, ಇದು ನಮ್ಮ ಕಲಬುರಗಿ ಜಿಲ್ಲೆಯೇನಾ ಅನ್ನಿಸುತ್ತದೆ. ತೊಗರಿಯ ಕರಿ ಹೊಲಗಳು ಹಿಂದೆ ಉಳಿದು ಕೆಂಪು ಮಣ್ಣು, ಏರಿಳಿತದ ದಾರಿ, ಎರಡೂ ಬದಿ ಕಾಡು. 2011ರಲ್ಲಿ ಇಲ್ಲಿನ ಸುಮಾರು 135 ಚದರ ಕಿ.ಮೀ. ಅರಣ್ಯವನ್ನು ಚಿಂಚೋಳಿ ವನ್ಯಜೀವಿಧಾಮ ಅಂತ ಘೋಷಿಸಿದರು. ಚಂದ್ರಂಪಳ್ಳಿ ಜಲಾಶಯ, ಗೊಟ್ಟಂಗೊಟ್ಟ, ಲಂಬಾಣಿ ತಾಂಡಾಗಳು, ಎಲ್ಲವೂ ಮಳೆಗಾಲ ಮುಗಿಯೋ ಹೊತ್ತಿಗೆ ನೋಡಬೇಕು. ಊರೊಳಗೆ ಕನ್ನಡ, ತೆಲುಗು, ಲಂಬಾಣಿ ಮೂರೂ ಕಿವಿಗೆ ಬೀಳುತ್ತವೆ. ಸ್ವಲ್ಪ ಮುಂದೆ ಹೋದರೆ ತೆಲಂಗಾಣವೇ.

ಫೋಟೋಕ್ಕೆ ಚೆಂದದ ಈ ದಾರಿ ಕಾಯಿಲೆಯವರಿಗೆ ಬೇರೆಯೇ ಥರ ಕಾಣುತ್ತದೆ. ಕ್ಯಾನ್ಸರ್ ಅಂದರೆ ಇಲ್ಲಿನವರು ನೂರು ಕಿಲೋಮೀಟರ್‌ಗೂ ದೂರದ ಕಲಬುರಗಿಗೆ ಹೋಗಬೇಕು, ಇಲ್ಲವೇ ಗಡಿ ದಾಟಿ ಹೈದರಾಬಾದಿಗೆ. ರೇಡಿಯೇಷನ್ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಕೆಲವು ವಾರ ನಡೆಯುತ್ತದೆ. ದಿನಾ ಓಡಾಡೋಕೆ ಆಗುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಮನೆಗೆ ಬೀಗ ಹಾಕಿ ಹೊರಡುತ್ತಾರೆ, ಇಬ್ಬರ ಕೂಲಿಯೂ ನಿಲ್ಲುತ್ತದೆ.

ನಮ್ಮ ಚಿಗವ್ವ, ಕಾಕಾ ಹೀಗೇ ಹೋಗಿ ಬಂದವರು. ಚಿಗವ್ವನಿಗೆ ಸ್ತನ ಕ್ಯಾನ್ಸರ್. ಆಪರೇಷನ್, ಕೀಮೋ, ಕೊನೆಗೆ ರೇಡಿಯೇಷನ್. ಊರಲ್ಲಿ ಇದಕ್ಕೆ ಕರೆಂಟ್ ಕೊಡೋದು ಅಂತಾರೆ. ನಾನು ಬೆಂಗಳೂರಿಂದ ರಜೆ ಹಾಕಿ ಹೋದಾಗ ಚಿಕಿತ್ಸೆ ಮುಗಿದಿತ್ತು. ಬಂದವರೆಲ್ಲ ಚಿಗವ್ವನ ಆರೋಗ್ಯ ವಿಚಾರಿಸುತ್ತಿದ್ದರು. ಕಾಕಾ ಚಹಾ ಮಾಡಿ ಕೊಟ್ಟು, ಫೈಲ್ ತಂದು ತೋರಿಸಿ, ಸುಮ್ಮನೆ ಹೊರಗೆ ಹೋಗುತ್ತಿದ್ದರು. ರಾತ್ರಿ ಅವರ ಹೊರಸು ಅಂಗಳದಲ್ಲಿ.

"ನಿನ್ನ ಕಾಕಾಗ ನನ್ನ ನೋಡಿದ್ರ ಹೇಸಿಗಿ ಬರ್ಲತ್ತದ ಕಾಣ್ತದವ್ವ" ಅಂದಳು ಚಿಗವ್ವ, ಸೆರಗು ಎಳೆದುಕೊಳ್ಳುತ್ತಾ.

ಮರುದಿನ ಕಾಕಾ ಜೊತೆ ಕಾಡಿನ ದಾರಿಯಲ್ಲಿ ನಡೆಯುವಾಗ ಅವರಾಗೇ ಹೇಳಿದರು: "ಆಕಿಗಿ ಕರೆಂಟ್ ಕೊಟ್ಟಾರ. ಕೈ ತಾಕಿದ್ರ ನೋವಾಗ್ತದೇನೋ ಅಂತ ಅಂಜಿಕಿ. ಇದೆಲ್ಲಾ ಯಾರಿಗಿ ಕೇಳ್ಬೇಕವ್ವ?"

ಒಬ್ಬರನ್ನೊಬ್ಬರು ನೋಯಿಸಬಾರದು ಅಂತ ಇಬ್ಬರೂ ಸುಮ್ಮನಿದ್ದರು. ಆ ಮೌನ ಇಬ್ಬರನ್ನೂ ನೋಯಿಸುತ್ತಿತ್ತು.

ಮುಂದಿನ ಚೆಕಪ್‌ಗೆ ಮೂವರೂ ಹೋದೆವು. ಇಬ್ಬರನ್ನೂ ಕೂಡಿಸಿ ಹೇಳಿ ಅಂತ ಸಿಸ್ಟರ್‌ನ ಕೇಳಿಕೊಂಡೆ. ಅವರು ಬಿಡಿಸಿ ಹೇಳಿದರು: ಕ್ಯಾನ್ಸರ್ ಅಂಟುರೋಗವಲ್ಲ. ಯಂತ್ರದಿಂದ ಹೊರಗಿನಿಂದ ಕೊಟ್ಟ ರೇಡಿಯೇಷನ್ ಮೈಯಲ್ಲಿ ಉಳಿಯುವುದಿಲ್ಲ. ಒಂದೇ ತಾಟಿನಲ್ಲಿ ಉಣ್ಣಬಹುದು, ಪಕ್ಕದಲ್ಲಿ ಮಲಗಬಹುದು. ಚರ್ಮ ನಾಜೂಕಾಗಿರುವ ಕಡೆ ಮಾತ್ರ ಜೋಪಾನ. ಸುಸ್ತು, ಆಸಕ್ತಿ ಇಲ್ಲದಿರುವುದು ಚಿಕಿತ್ಸೆಯಿಂದಲೂ ಬರುತ್ತದೆ. ಅದನ್ನು ಡಾಕ್ಟರ್ ಹತ್ತಿರ ಕೇಳೋಕೆ ನಾಚಿಕೆ ಬೇಡ. ಕಾಕಾ ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡರು. ಚಿಗವ್ವ ಅವರ ಮುಖವನ್ನೇ ನೋಡುತ್ತಿದ್ದಳು. ಅಷ್ಟು ದಿನದಲ್ಲಿ ಕಾಕಾನನ್ನು ಒಳಗೆ ಕರೆದು ಕೂಡಿಸಿ ಮಾತಾಡಿದ್ದು ಅದೇ ಮೊದಲು.

ಸೌಲಭ್ಯಗಳೇ ಇಲ್ಲ ಅಂತಲ್ಲ. ಕಿದ್ವಾಯಿ ಸಂಸ್ಥೆಯ ಕೇಂದ್ರ ಕಲಬುರಗಿಯಲ್ಲೇ ಇದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಚಿಕಿತ್ಸೆಗೆ ರೈಲಿನಲ್ಲಿ ಹೋಗುವುದಾದರೆ, ಆಸ್ಪತ್ರೆಯ ಪ್ರಮಾಣಪತ್ರ ತೋರಿಸಿದರೆ ಸ್ಲೀಪರ್‌ನಲ್ಲಿ ರೋಗಿಗೆ ಪೂರ್ತಿ, ಜೊತೆಗೆ ಹೋಗುವವರಿಗೆ ಶೇ. 75ರಷ್ಟು ರಿಯಾಯಿತಿ. ಮನಸ್ಸು ಭಾರವಾದಾಗ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ, ಕನ್ನಡದಲ್ಲೇ, ಪುಕ್ಕಟೆ ಮಾತಾಡಬಹುದು. ಗಂಡನೂ ಮಾಡಬಹುದು, ಹೆಂಡತಿಯೂ ಮಾಡಬಹುದು.

ಆದರೆ ಕಾರ್ಡು ಕೊಡದ್ದೂ ಇದೆ: ನಿಂತ ಕೂಲಿ, ಕೆಟ್ಟ ನಿದ್ದೆ, ಬಾಯಿಬಿಟ್ಟು ಕೇಳಲಾಗದ ಪ್ರಶ್ನೆ. ಅಲ್ಲಿಗೆ ನಾವು ಬೇಕು. ದೂರದ ಊರಲ್ಲಿ ಕೆಲಸದಲ್ಲಿರೋರು ದುಡ್ಡು ಕಳಿಸ್ತೀವಿ, ಒಳ್ಳೇದೇ. ಒಂದು ವಾರ ಆಸ್ಪತ್ರೆ ಪಾಳಿ ನೀವು ತಗೊಳ್ಳಿ, ಜೊತೆಗಿದ್ದವರು ಊರಿಗೆ ಹೋಗಿ ಕಣ್ತುಂಬ ಮಲಗಿ ಬರಲಿ. ಡಾಕ್ಟರ್ ಕೋಣೆಗೆ ಇಬ್ಬರನ್ನೂ ಒಳಗೆ ಕರೆದುಕೊಂಡು ಹೋಗಿ. ಫೋನ್ ಮಾಡಿದಾಗ "ಚಿಗವ್ವ ಹ್ಯಾಂಗಿದ್ದಾಳ?" ಅಂತ ಕೇಳಿದ ಮೇಲೆ ಇಟ್ಟುಬಿಡಬೇಡಿ. "ಕಾಕಾ, ನೀವು ಹ್ಯಾಂಗಿದ್ದೀರಿ?" ಅಂತಲೂ ಕೇಳಿ.