ವ್ರತ ನನ್ನದು, ಬಾಯಾರಿಕೆ ಕೂಸಿನದು

ನಾನು ಸೂರ್ಯಾಸ್ತದ ಬಳಿಕ ನೀರನ್ನೂ ಸೇವಿಸದ ವ್ರತದವಳು. ಅಣ್ಣಿಗೇರಿಯ ನಮ್ಮ ಮನೆಯಲ್ಲಿ ಹತ್ತು ತಿಂಗಳ ಮೊಮ್ಮಗನಿಗೆ ಭೇದಿ ಹತ್ತಿದ ರಾತ್ರಿ, ‘ಈ ಹೊತ್ತಿನಲ್ಲಿ ನೀರೇಕೆ? ಕೊಟ್ಟರೆ ಭೇದಿ ಹೆಚ್ಚಾದೀತು’ ಎಂದು ಸೊಸೆಯನ್ನು ತಡೆದೆ. ಬೆಳಗಾಗುವಷ್ಟರಲ್ಲಿ ಕೂಸಿನ ಕಣ್ಣುಗಳು ಗುಳಿಬಿದ್ದಿದ್ದವು; ಅತ್ತರೂ ಕಣ್ಣೀರಿರಲಿಲ್ಲ. ಆಸ್ಪತ್ರೆಗೆ ಒಯ್ದುದರಿಂದ ಉಳಿಯಿತು.

ಭೇದಿಯಲ್ಲಿ ಪ್ರಾಣಕ್ಕೆ ಎರವಾಗುವುದು ಮೈಯ ನೀರು ಬತ್ತುವುದೇ. 1971ರಲ್ಲಿ ಬಂಗಾಳದ ಬನಗಾಂವ್‌ನ ನಿರಾಶ್ರಿತರಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಾಲನಬೀಸ್ ಉಪ್ಪು, ಗ್ಲೂಕೋಸ್ ಬೆರೆಸಿದ ನೀರು ಕುಡಿಸಿ ಅನೇಕರನ್ನು ಉಳಿಸಿದರು. ಭೇದಿಯಾದೊಡನೆ ಓಆರ್‌ಎಸ್ ಕೊಡಬೇಕು. ಅದು ಸಿಗುವವರೆಗೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಎದೆಹಾಲು ನಿಲ್ಲಿಸಬಾರದು. ಕೂಸು ಮಂಕಾದರೆ, ರಕ್ತ ಕಂಡರೆ ತಡಮಾಡದೆ ಆಸ್ಪತ್ರೆ ಸೇರಬೇಕು.

ನೀರನ್ನು ಸೋಸಿ ಕಾಯಿಸಲು ಕಲಿಸಿದ ಧರ್ಮ, ಬಾಯಾರಿದ ಕೂಸಿಗೆ ಅದನ್ನು ನಿರಾಕರಿಸೆಂದು ಹೇಳಲಿಲ್ಲ. ಅಂದು ತಪ್ಪಿದವಳು ನಾನು.